ಕರೆಂಟಿಲ್ಲದ ಲೈನ್‌ಮನ್ ಮನೆ

ಬ್ಯಾಡಗಿಯಲ್ಲಿ ನಾವಿದ್ದ ಬಾಡಿಗೆ ಮನೆಗೆ ಎರಡೇ ಕೋಣೆ. ಮುಂದಿನ ಕೋಣೆಯ ಬಾಗಿಲು ಓಣಿಗೆ ತೆರೆಯುತ್ತಿತ್ತು. ಅಡುಗೆ ಕೋಣೆಯ ಕಿಟಕಿ ತೆರೆದರೆ ಮೆಣಸಿನಕಾಯಿ ಹರವಿದ ದೊಡ್ಡ ಬಯಲು. ಅಲ್ಲಿ ಹೆಂಗಸರು ಸಾಲಾಗಿ ಕೂತು ತೊಟ್ಟು ಬಿಡಿಸುತ್ತಿದ್ದರು, ಸೆರಗನ್ನು ಮೂಗಿಗೆ ಸುತ್ತಿಕೊಂಡು. ಹೊಸಬರು ನಮ್ಮ ಮನೆಗೆ ಬಂದರೆ ಮೊದಲು ನಾಲ್ಕು ಸಲ ಸೀನಿ ಆಮೇಲೆ ಮಾತು ಶುರು ಮಾಡುತ್ತಿದ್ದರು. ನಮಗೆ ಅದು ಗಾಳಿಯ ವಾಸನೆಯೇ ಆಗಿಹೋಗಿತ್ತು. ಅಪ್ಪ, ಅವ್ವ, ಅಪ್ಪನ ತಾಯಿ ಮತ್ತು ನಾನು, ನಾಲ್ಕೇ ಜನ. ಅಪ್ಪನ ತಾಯಿಯನ್ನು ನಾನು ಆಯಿ ಎನ್ನುತ್ತಿದ್ದೆ. ಅವ್ವ ದವಾಖಾನೆಯಲ್ಲಿ ನರ್ಸು. ಅವಳ ಹೆಸರು ಯಾರಿಗೂ ಬೇಕಿರಲಿಲ್ಲ, ಓಣಿಗೆಲ್ಲ ಅವಳು ನರ್ಸಬಾಯಿ. ಅಪ್ಪನ ಹೆಸರು ದಾನಿಯೇಲ. ಅದು ಜನರ ಬಾಯಲ್ಲಿ ದಾನೇಲಪ್ಪ ಆಗಿತ್ತು. ಅಪ್ಪ ಲೈನ್‌ಮನ್. ಕರೆಂಟು ಹೋದರೆ ಜನ ಕಚೇರಿಗೆ ಹೋಗುವ ಮೊದಲು ನಮ್ಮ ಬಾಗಿಲಿಗೆ ಬರುತ್ತಿದ್ದರು. ಅಪ್ಪ ಉಣ್ಣುತ್ತಿದ್ದರೂ ಕೈ ತೊಳೆದು ಏಳುತ್ತಿದ್ದ. ಕಂಬದ ಮೇಲೆ ಕೂತು ಅಪ್ಪ ಕೀರ್ತನೆ ಹಾಡುತ್ತಾನೆಂದು ಶಾಲೆಯ ಹುಡುಗಿಯರು ನನಗೆ ಹೇಳುತ್ತಿದ್ದರು, ನಾನು ಬೀಗುತ್ತಿದ್ದೆ.

ಊರಲ್ಲಿ ನಮ್ಮಂಥ ಕ್ರೈಸ್ತ ಮನೆಗಳು ಬೆರಳಲ್ಲಿ ಎಣಿಸುವಷ್ಟಿದ್ದವು. ಭಾನುವಾರ ಒಬ್ಬರ ಪಡಸಾಲೆಯಲ್ಲಿ ಕೂಡುತ್ತಿದ್ದೆವು, ಹಾವೇರಿಯಿಂದ ಪಾಸ್ಟರು ಬಸ್ಸಿಗೆ ಬರುತ್ತಿದ್ದರು. ಆದರೆ ನಮ್ಮ ಮನೆಯ ನಿಜವಾದ ಪ್ರಾರ್ಥನೆ ದಿನಾ ಸಂಜೆ, ದೀಪ ಹಚ್ಚುವ ಹೊತ್ತಿಗೆ, ಅಡುಗೆ ಕೋಣೆಯ ಚಾಪೆಯ ಮೇಲೆ ನಡೆಯುತ್ತಿತ್ತು. ಆಯಿಗೆ ಓದಲು ಬರುತ್ತಿರಲಿಲ್ಲ. ಅವಳು ಒಂದು ಪದ್ಧತಿ ಇಟ್ಟಿದ್ದಳು, ಅದಕ್ಕೆ ‘ಒಪ್ಪಿಸೋದು’ ಎಂದು ಹೆಸರು. ಪ್ರತಿಯೊಬ್ಬರೂ ಆ ದಿನದ ಒಂದು ಚಿಂತೆಯನ್ನು ಬಾಯಿಬಿಟ್ಟು ದೇವರಿಗೆ ಹೇಳಬೇಕು. ಹೇಳಿದ ಮೇಲೆ ಅದರ ಮಾತು ಎತ್ತಬಾರದು, ರೊಟ್ಟಿ ಉಣ್ಣಬೇಕು. ನಾನು ಗಣಿತದ ಪರೀಕ್ಷೆಯನ್ನು ಒಪ್ಪಿಸುತ್ತಿದ್ದೆ. ಅವ್ವ ಯಾವುದೋ ಬಾಣಂತಿಯ ಜ್ವರವನ್ನು ಒಪ್ಪಿಸುತ್ತಿದ್ದಳು. ಅಪ್ಪ ಮಾತ್ರ ನಗುತ್ತ, ‘ನನಗ ಚಿಂತಿನ ಇಲ್ಲವ್ವ, ಏನ್ ಒಪ್ಪಿಸಲಿ?’ ಎನ್ನುತ್ತಿದ್ದ. ಆಯಿ ಅವನ ತೊಡೆಗೆ ಚಿವುಟುತ್ತಿದ್ದಳು.

ನನಗೆ ಹತ್ತು ವರ್ಷವಿದ್ದಾಗ, ಒಂದು ಮಳೆಗಾಲದ ಬೆಳಿಗ್ಗೆ, ಅಪ್ಪ ಮತ್ತು ಅವನ ಜೊತೆಗಾರ ಈರಣ್ಣ ಕಾಕಾ ಕರ್ಜಗಿಯ ಹೊಲಗಳ ಕಡೆ ತಂತಿ ರಿಪೇರಿಗೆ ಹೋದರು. ಈರಣ್ಣ ಕಾಕಾ ಕರ್ಜಗಿಯವನೇ. ಅಪ್ಪ ಆ ಸಾಲಿನ ಕರೆಂಟನ್ನು ಬಂದ್ ಮಾಡಿದ್ದ. ಆದರೆ ಯಾವುದೋ ಗಿರಣಿಯವರು ಆಗಲೇ ತಮ್ಮ ಜನರೇಟರ್ ಹಚ್ಚಿದ್ದರು, ಅದರ ಕರೆಂಟು ಹಿಂದಕ್ಕೆ ಹರಿದು ತಂತಿಗೆ ಬಂದಿತ್ತು. ಈರಣ್ಣ ಕಾಕಾ ಕಂಬದ ಮೇಲೆಯೇ ಹೋದ. ಅಪ್ಪ ಕೆಳಗೆ ನಿಂತು ಅದನ್ನು ನೋಡಿದ. ಅಪ್ಪನದು ತಪ್ಪಿಲ್ಲ ಎಂದು ಎಲ್ಲರೂ ಹೇಳಿದರು, ಮೇಲಿನವರೂ ಹಾಗೆಯೇ ಬರೆದರು. ಮಣ್ಣಿಗೆ ಹೋಗಿ ಬಂದ ಅಪ್ಪ ಚಪ್ಪಲಿ ಕಳಚಿ, ನೇರ ಮೀಟರಿನ ಹಲಗೆಯ ಹತ್ತಿರ ಹೋಗಿ, ನಮ್ಮ ಮನೆಯ ಫ್ಯೂಸನ್ನು ಕಿತ್ತು ಕಿಸೆಯಲ್ಲಿಟ್ಟುಕೊಂಡ.

ಎರಡು ದಿನ, ಹೆಚ್ಚೆಂದರೆ ವಾರ, ಎಂದುಕೊಂಡಿದ್ದೆವು. ಅದು ಒಂದು ವರ್ಷವಾಯಿತು. ಅಪ್ಪ ಕೆಲಸಕ್ಕೆ ಹೋಗಲಿಲ್ಲ. ರಜೆ ಮುಗಿದು, ಸಂಬಳವಿಲ್ಲದ ರಜೆ ಶುರುವಾಯಿತು. ಮನೆಯಲ್ಲಿ ಚಿಮಣಿ ದೀಪ ಬಂತು. ಅದರ ಹೊಗೆ ನನ್ನ ಪುಸ್ತಕಗಳಿಗೆ, ನನ್ನ ಕೂದಲಿಗೆ ಹತ್ತಿಕೊಂಡಿತು. ರೇಡಿಯೋದ ಮೇಲೆ ಆಯಿ ಒಂದು ಬಟ್ಟೆ ಹೊದಿಸಿಟ್ಟಳು. ಪಕ್ಕದ ಮನೆಯ ಬಲ್ಬಿನ ಬೆಳಕು ಮುಂದಿನ ಕಿಟಕಿಯಿಂದ ಪಟ್ಟಿಯಂತೆ ನಮ್ಮ ಗೋಡೆಗೆ ಬೀಳುತ್ತಿತ್ತು, ನಾನು ಆ ಪಟ್ಟಿಯ ಕೆಳಗೆ ಪುಸ್ತಕ ಹಿಡಿದು ಕೂರುತ್ತಿದ್ದೆ. ಅಪ್ಪ ಅದನ್ನು ನೋಡಿ ಕಿಟಕಿಗೆ ಹಳೆಯ ಪೇಪರು ಅಂಟಿಸಿದ. ‘ಲೈನ್‌ಮನ್ ಮನಿಗೇ ಕರೆಂಟಿಲ್ಲ’ ಎಂದು ಹುಡುಗಿಯರು ನಕ್ಕರೆ ಮೊದಮೊದಲು ಅಳು ಬರುತ್ತಿತ್ತು, ಆಮೇಲೆ ಅದೂ ಬರಲಿಲ್ಲ.

ಅಪ್ಪನ ಅಂಜಿಕೆ ನೀರಿನ ಹಾಗೆ ಒಂದೊಂದೇ ಕೋಣೆಗೆ ಇಳಿಯಿತು. ಮೊದಲು ಕರೆಂಟು. ಆಮೇಲೆ ತಂತಿಯ ಕೆಳಗೆ ನಡೆಯಬಾರದು ಎಂದಾಯಿತು. ನನ್ನ ಪಾಟಿಯ ಹಿಂಬದಿಗೆ ಅಪ್ಪ ಬಳಪದಿಂದ ಒಂದು ದಾರಿ ಬರೆದುಕೊಟ್ಟ. ಬಯಲಿನ ಹಿಂಭಾಗದಿಂದ, ಬೇಲಿ ಸುತ್ತಿ, ತಂತಿಗಳಿಲ್ಲದ ಕಡೆಯಿಂದ ಶಾಲೆಗೆ ಹೋಗುವ ದಾರಿ. ಮೋಡ ಕಂಡರೆ ಆ ದಾರಿಯೂ ಇಲ್ಲ. ಆಷಾಢ ಪೂರ್ತಿ ನಾನು ಮನೆಯಲ್ಲೇ ಇದ್ದೆ. ಶಾಲೆಯಲ್ಲಿ ಕಲಿಸುವ ಬಾಯಾರು ವಿಚಾರಿಸಲು ಬಂದರು. ಅಪ್ಪ ಬಹಳ ಮರ್ಯಾದೆಯಿಂದ ಮಾತಾಡಿದ, ‘ಆರಾಮಿಲ್ರಿ ಅಕಿಗೆ’ ಎಂದ, ಬಾಗಿಲು ಹಾಕಿದ. ಆರಾಮಿದ್ದ ನಾನು ಬಾಗಿಲ ಹಿಂದೆಯೇ ನಿಂತಿದ್ದೆ. ಚಿಲಕ ಬಿದ್ದ ಮೇಲೆ ಅಪ್ಪ ಅದನ್ನು ಎರಡು ಸಲ ಮುಟ್ಟಿ ನೋಡುತ್ತಿದ್ದ. ಹಗಲೆಲ್ಲ ಆ ಎರಡು ಕೋಣೆಗಳಲ್ಲಿ ಮೂರು ಜನ: ಗೋಡೆಗೊರಗಿದ ಅಪ್ಪ, ಅಕ್ಕಿ ಆರಿಸುವ ಆಯಿ, ಮತ್ತು ನಾನು. ಹಿಂದಿನ ಬಯಲಿನಲ್ಲಿ ಹೆಂಗಸರು ಜೋರಾಗಿ ನಕ್ಕರೆ ನಮ್ಮ ಮನೆಯ ಮೌನ ಇನ್ನಷ್ಟು ಕೇಳಿಸುತ್ತಿತ್ತು.

ಅವ್ವ ದವಾಖಾನೆಯಿಂದ ಬರಬೇಕಾದ ಹೊತ್ತು ದಿನದ ಅತಿ ಕೆಟ್ಟ ಹೊತ್ತು. ಗಡಿಯಾರ ನೋಡುತ್ತ ಅಪ್ಪ ಬಾಗಿಲ ಸಂದಿಯಲ್ಲಿ ನಿಲ್ಲುತ್ತಿದ್ದ. ಹತ್ತು ನಿಮಿಷ ತಡವಾದರೆ ಹಿತ್ತಲಿಗೆ ಹೋಗಿ ವಾಂತಿ ಮಾಡಿಕೊಂಡು ಬರುತ್ತಿದ್ದ. ಮೊದಲು ನಾನು ಅವನನ್ನು ನೋಡುತ್ತಿದ್ದೆ. ಯಾವಾಗಿನಿಂದಲೋ ನಾನೂ ಅವನ ಪಕ್ಕ ನಿಲ್ಲತೊಡಗಿದೆ. ನನ್ನ ಹೊಟ್ಟೆಯೂ ತೊಳಸತೊಡಗಿತು. ಉಸಿರು ಹಿಡಿದು ನೂರು ಎಣಿಸಿದರೆ ಅವ್ವ ಬರುತ್ತಾಳೆ ಎಂದು ನಾನೇ ಒಂದು ನಿಯಮ ಮಾಡಿಕೊಂಡೆ. ಎಣಿಕೆ ತಪ್ಪಿದರೆ ಅವ್ವ ಸತ್ತಳೆಂದು ನನಗೆ ಖಾತ್ರಿಯಾಗುತ್ತಿತ್ತು. ಯಾರೂ ನನಗೆ ಅಂಜಲು ಕಲಿಸಲಿಲ್ಲ. ಜೊತೆಗೆ ನಿಂತು ನಿಂತೇ ಕಲಿತೆ.

ಸಂಜೆಯ ಪ್ರಾರ್ಥನೆ ನಿಲ್ಲಲಿಲ್ಲ. ಅಪ್ಪ ಚಾಪೆಯ ಮೇಲೆ ಕೂರುತ್ತಿದ್ದ, ತಲೆ ತಗ್ಗಿಸುತ್ತಿದ್ದ, ಬಾಯಿ ಬಿಡುತ್ತಿರಲಿಲ್ಲ. ಆಯಿ ಅವನ ಸರದಿಗೆ ಸ್ವಲ್ಪ ಹೊತ್ತು ಕಾದು, ಆಮೇಲೆ ‘ಆಮೆನ್’ ಎಂದು ತಾನೇ ಮುಗಿಸುತ್ತಿದ್ದಳು. ನನಗೆ ದೇವರ ಮೇಲೆ ಸಿಟ್ಟಿತ್ತು. ಇಷ್ಟು ದಿನ ಒಪ್ಪಿಸಿದ್ದನ್ನೆಲ್ಲ ಆತ ಎಲ್ಲಿಟ್ಟಿದ್ದಾನೆ ಎಂದು ನಾನು ಕಣ್ಣು ತೆರೆದೇ ಪ್ರಾರ್ಥನೆಯಲ್ಲಿ ಕೂರುತ್ತಿದ್ದೆ. ಒಂದು ಭಾನುವಾರ ಪಾಸ್ಟರು ಮನೆಗೇ ಬಂದು, ವಿಶ್ವಾಸ ಇಡಬೇಕು, ದಾನಿಯೇಲ, ಎಂದರು. ಅಪ್ಪ ಅವರಿಗೆ ನೀರು ಕೊಟ್ಟು ಹೇಳಿದ:

‘ವಿಶ್ವಾಸ ಐತ್ರಿ ಅಯ್ಯನೋರ. ಕಾಲು ಏಳವಲ್ವು.’

ಪಾಸ್ಟರು ಅಪ್ಪನ ಪಕ್ಕದಲ್ಲೇ, ಅದೇ ಗೋಡೆಗೆ ಒರಗಿ, ಬಹಳ ಹೊತ್ತು ಕೂತು ಎದ್ದುಹೋದರು. ಅವತ್ತು ನನಗೆ ಅವರ ಮೇಲೂ ಸಿಟ್ಟು ಬಂತು. ಈಗ ಅನಿಸುತ್ತದೆ, ಆ ವರ್ಷ ನಮ್ಮ ಮನೆಗೆ ಬಂದವರಲ್ಲಿ ಸರಿಯಾದ ಕೆಲಸ ಮಾಡಿದವರು ಅವರೊಬ್ಬರೇ ಇರಬೇಕು.

ನಮ್ಮ ಮನೆಯಲ್ಲಿ ನಾನು ಕಂಡ ದೊಡ್ಡ ಜಗಳ ಒಂದೇ. ರಾಣೇಬೆನ್ನೂರಿನಲ್ಲಿ ಹಾಸ್ಟೆಲ್ ಇರುವ ಒಂದು ಹೆಣ್ಣುಮಕ್ಕಳ ಶಾಲೆಯ ಪ್ರವೇಶ ಪರೀಕ್ಷೆಯನ್ನು ನನ್ನಿಂದ ಬರೆಸಬೇಕೆಂದು ಅವ್ವ ಅರ್ಜಿ ತಂದಿದ್ದಳು. ನಾನು ಓದಿನಲ್ಲಿ ಚುರುಕಿದ್ದೆ. ಅದಕ್ಕಿಂತ ಹೆಚ್ಚಾಗಿ, ನನ್ನ ಉಸಿರು ಹಿಡಿಯುವ ಆಟವನ್ನು ಅವ್ವ ಕಂಡುಹಿಡಿದಿದ್ದಳು. ಅವಳು ರೊಟ್ಟಿ ಬಡಿಯುತ್ತಿದ್ದಳು. ಅಪ್ಪ ಅರ್ಜಿಯನ್ನು ಓದಿದ, ನಾಲ್ಕು ಮಡಿಕೆ ಮಾಡಿದ, ಒಲೆಗೆ ಹಾಕಿದ.

ಅವ್ವ ಹಿಟ್ಟಿನ ಕೈಯಲ್ಲೇ ಎದ್ದಳು. ‘ಯಾಕ ಸುಟ್ಟ್ರಿ?’

‘ನಲವತ್ತು ಹುಡುಗ್ಯಾರು ಒಂದ ಖೋಲ್ಯಾಗ. ಮ್ಯಾಲೆ ಫ್ಯಾನು, ಗ್ವಾಡಿ ತುಂಬ ವೈರು. ನಾ ಇಲ್ಲಿ ಕುಂತು ಹೆಂಗ ಕಾಯ್ಲಿ ಅಕಿನ್ನ?’

‘ನೀವು ಕಾಯತೀರೇನು? ಇಲ್ಲಿ ಕಾಯಾಕತ್ತೀರೇನು? ಕೂಸಿನ ಮಾರಿ ನೋಡ್ರಿ ಒಮ್ಮೆ!’

‘ಜೀವಂತ ಐತಿ. ಅಷ್ಟ ಸಾಕು ನನಗ.’

ಅವ್ವ ದನಿ ತಗ್ಗಿಸಿದಳು. ಅವಳು ಕೂಗಾಡಿದ್ದರೆ ಅಷ್ಟು ನಾಟುತ್ತಿರಲಿಲ್ಲ.

‘ಈ ಮನ್ಯಾಗ ನಾವು ಯಾರಿಗೆ ಮೊಣಕಾಲೂರತೀವಿ, ಹೇಳ್ರಿ? ನಿಮ್ಮ ಅಂಜಿಕಿನ ಈ ಮನಿ ದೇವ್ರಾಗಿ ಕುಂತೈತಿ. ಅದು ಏಳಂದ್ರ ಏಳಬೇಕು, ಕುಂದ್ರಂದ್ರ ಕುಂದ್ರಬೇಕು.’

ಹಂಚಿನ ಮೇಲಿನ ರೊಟ್ಟಿ ಕರಕಾಯಿತು. ಯಾರೂ ತೆಗೆಯಲಿಲ್ಲ. ಅವತ್ತು ಆಯಿ ಒಬ್ಬಳೇ ಪ್ರಾರ್ಥನೆ ಮಾಡಿದಳು, ನಾವು ಮೂವರೂ ಮೂರು ಮೂಲೆಯಲ್ಲಿದ್ದೆವು.

ಅದಾಗಿ ಕೆಲವು ವಾರಗಳ ಮೇಲೆ ಒಂದು ಮಧ್ಯಾಹ್ನ ಬಾಗಿಲು ಬಡಿದ ಸದ್ದಾಯಿತು. ಅವ್ವನಿಗೆ ಅವತ್ತು ರಜೆ, ಅವಳೇ ತೆರೆದಳು. ಹೊರಗೆ ಈರಣ್ಣ ಕಾಕಾನ ಹೆಂಡತಿ ನೀಲವ್ವ ನಿಂತಿದ್ದಳು. ಕರ್ಜಗಿಯಿಂದ ಎರಡು ಬಸ್ಸು ಬದಲಿಸಿ ಒಬ್ಬಳೇ ಬಂದಿದ್ದಳು. ಅವಳ ಧ್ವನಿ ಕೇಳಿದ್ದೇ ಅಪ್ಪ ಅಡುಗೆ ಕೋಣೆಗೆ ಸರಿದ. ನೀಲವ್ವ ಚಾಪೆಯ ಮೇಲೆ ಕೂತು, ನೀರು ಕುಡಿದು, ಒಳಗಿನ ಕತ್ತಲೆಯತ್ತ ಮುಖ ಮಾಡಿ ಮಾತಾಡಿದಳು.

‘ಅಣ್ಣಾರ, ಹೊರಗ ಬರಬ್ಯಾಡ್ರಿ, ಬ್ಯಾಡಾದ್ರ. ಅಲ್ಲೇ ಕುಂತು ಕೇಳ್ರಿ. ಅವರು ಹೋದ ದಿನಾನ ನಾನೂ ನಮ್ಮ ಮನಿ ಕರೆಂಟ್ ತಗಿಸಿಬಿಟ್ಟೆ. ಆ ಬೆಳಕು ನೋಡಾಕ ಆಗವಲ್ದಾಗಿತ್ತು. ಈಗ ಮಗಳು ಹತ್ತನೇ ಕ್ಲಾಸು. ಚಿಮಣಿ ಮುಂದ ಓದಿ ಕಣ್ಣು ಕೆಂಪಗ ಮಾಡಕೊಂಡಾಳ. ನೀವು ಬಂದು ಹಾಕಿ ಕೊಡಬೇಕ್ರಿ.’

ಒಳಗಿನಿಂದ ಅಪ್ಪನ ದನಿ ಬಂತು. ‘ಊರಾಗ ಯಾರರ ಹಾಕಿಕೊಡ್ತಾರ, ನೀಲವ್ವ.’

‘ಹಾಕತಾರ್ರಿ. ನಾನ ಒಲ್ಲೆ ಅಂದೇನಿ. ನೀವು ಹೊರಗ ಬೀಳವಲ್ರಿ ಅಂತ ಸುದ್ದಿ ಕೇಳಿ ಬಂದೇನಿ. ನನ್ನ ಗಂಡ ಒಬ್ಬಾವ ಹೋದ, ಹೋದ. ಜೋಡಿ ಮಂದೀನೂ ಕರಕೊಂಡು ಹೋದ ಅಂತ ಅವಗ ಹೆಸರು ಬರಬಾರದು.’

ಅವಳು ಎದ್ದಳು. ಅವ್ವ ಊಟಕ್ಕೆ ನಿಲ್ಲಿಸಲು ನೋಡಿದಳು, ನೀಲವ್ವ ಬಸ್ಸು ತಪ್ಪುತ್ತದೆ ಎಂದಳು. ಹೊಸ್ತಿಲಲ್ಲಿ ನಿಂತು ಇನ್ನೊಮ್ಮೆ, ‘ನೀವು ಬರೋತನಾ ಚಿಮಣಿನ ಹಚ್ಚತೀನ್ರಿ’ ಎಂದು ಹೇಳಿ ಹೋದಳು.

ಆ ಸಂಜೆ ಚಾಪೆಯ ಮೇಲೆ ನಾಲ್ವರೂ ಕೂತೆವು. ಅವ್ವ ನೀಲವ್ವನ ಮಗಳ ಕಣ್ಣನ್ನು ಒಪ್ಪಿಸಿದಳು. ನಾನು ಕಣ್ಣು ತೆರೆದೇ ಕೂತಿದ್ದೆ. ಆಯಿ ಅಪ್ಪನ ಸರದಿಗೆ ಎಂದಿನಂತೆ ಕಾದಳು. ಅವಳು ಆಮೆನ್ ಎನ್ನಲು ಬಾಯಿ ತೆರೆದಿದ್ದಳು, ಅಷ್ಟರಲ್ಲಿ ಅಪ್ಪ ಮಾತಾಡಿದ.

‘ಸ್ವಾಮಿ. ಅಂವಾ ಅವತ್ತ ಏರೂದಿಲ್ಲ ಅಂದಿದ್ದ. ಮಳಿ ಐತಿ, ತಡಿಯೋ ಅಂದ. ನಾ ಅಂದೆ, ಬಂದ್ ಮಾಡೇನಿ, ಏರೋ, ಲಗೂ ಮುಗಿಸಿ ಉಣ್ಣಾಕ ಹೋಗೂಣು ಅಂದೆ. ನನ್ನ ಮಾತು ಕೇಳಿ ಏರಿದ. ಯಾರ ಮುಂದೂ ಹೇಳಿಲ್ಲ ಇದನ್ನ. ನನಗ ಅಂಜಿಕಿ ಬರತೈತಿ, ಸ್ವಾಮಿ. ಕರೆಂಟಿಗೆ ಅಲ್ಲ. ನನ್ನ ಮಾತಿಗೆ. ನಾ ಹೂಂ ಅಂದದ್ದು ಯಾರ ಜೀವಾ ತಗೋತೈತೋ ಅಂತ. ಇದನ್ನ ಇಟಗೊಂಡು ಇರಾಕ ಆಗವಲ್ದು ನನಗ. ನೀ ತಗೋ.’

ಚಿಮಣಿಯ ಬತ್ತಿ ಸಣ್ಣಗೆ ಚಟಪಟ ಎನ್ನುತ್ತಿತ್ತು. ಅವ್ವ ಅಳುತ್ತಿದ್ದಳು. ಆಯಿ ಮಗನ ತಲೆಯ ಮೇಲೆ ಕೈಯಿಟ್ಟು, ‘ತಗೊಂಡಾನ, ತಮ್ಮಾ. ಇನ್ನ ಹೊಳ್ಳಿ ಕೇಳಬ್ಯಾಡ’ ಎಂದಳು. ಆಮೇಲೆ ಉಂಡೆವು. ಪವಾಡ ನಡೆಯಲಿಲ್ಲ, ಮರುದಿನವೂ ಅಪ್ಪ ಗೋಡೆಗೇ ಒರಗಿದ್ದ. ಆದರೆ ಆ ಮಾತನ್ನು ಒಬ್ಬನೇ ಹೊತ್ತವನ ಮುಖ ಬೇರೆ, ಹೇಳಿಕೊಂಡವನ ಮುಖ ಬೇರೆ. ಅದನ್ನು ನಾನು ಹನ್ನೊಂದನೆಯ ವಯಸ್ಸಿಗೆ ಕಂಡೆ. ಅವತ್ತಿನಿಂದ ನಾನು ಮತ್ತೆ ಕಣ್ಣು ಮುಚ್ಚಿ ಪ್ರಾರ್ಥನೆಗೆ ಕೂತೆ.

ಮೂರನೆಯ ದಿನ ಅಪ್ಪ ತನ್ನ ಹಳೆಯ ಚೀಲ ಇಳಿಸಿದ. ಕಟಿಂಗ್ ಪ್ಲೇಯರಿಗೆ ತುಕ್ಕು ಹಿಡಿದಿತ್ತು, ಎಣ್ಣೆ ಹಚ್ಚಿ ಒರೆಸಿದ. ನನ್ನತ್ತ ನೋಡದೆ, ‘ಕರುಣಾ, ಚಪ್ಪಲಿ ಹಾಕ್ಕೋ. ಜೋಡಿ ಬಾ’ ಎಂದ. ಅವ್ವ ಕೆಲಸಕ್ಕೆ ಹೋಗಿದ್ದಳು. ಆಯಿ ಏನೂ ಕೇಳದೆ ನಾಲ್ಕು ರೊಟ್ಟಿ ಕಟ್ಟಿಕೊಟ್ಟಳು. ಓಣಿಗೆ ಕಾಲಿಟ್ಟಾಗ ಅಪ್ಪ ನನ್ನ ಕೈ ಹಿಡಿದ. ಅಂಗೈ ನೀರಿನಲ್ಲಿ ಅದ್ದಿದಂತಿತ್ತು. ಮೆಣಸಿನಕಾಯಿ ಬಯಲು ದಾಟುವಾಗ ಅಲ್ಲಿನ ಹೆಂಗಸರು ಕೆಲಸ ನಿಲ್ಲಿಸಿ ನೋಡಿದರು, ಅವರಲ್ಲೊಬ್ಬಳು ‘ಆರಾಮ್ರೀ ದಾನೇಲಪ್ಪಾ?’ ಎಂದು ಕೇಳಿದಳು. ಅಪ್ಪ ತಲೆಯಾಡಿಸಿದ. ಅಷ್ಟಕ್ಕೇ ಅವನ ಹಣೆಯ ಮೇಲೆ ಬೆವರು.

ಹಾವೇರಿಯವರೆಗೆ ಬಂದೆವು. ಅಲ್ಲಿ ಕರ್ಜಗಿಯ ಬಸ್ಸು ನಿಂತಿತ್ತು. ಅಪ್ಪ ಹತ್ತಲಿಲ್ಲ, ಬೆಂಚಿನ ಮೇಲೆ ಕೂತ. ಬಸ್ಸು ಹೋಯಿತು. ಬಹಳ ಹೊತ್ತಿನ ಮೇಲೆ ಇನ್ನೊಂದು ಬಂತು, ತುಂಬಿತು, ಅದೂ ಹೋಯಿತು. ರೊಟ್ಟಿ ಬಿಚ್ಚಿ ಕೊಟ್ಟೆ, ಅಪ್ಪ ಮುಟ್ಟಲಿಲ್ಲ. ‘ಹೊಳ್ಳಿ ಹೋಗೂಣೇನಪಾ?’ ಎಂದು ಕೇಳಿದೆ. ನಿಜವಾಗಿ ನನಗೂ ಅದೇ ಬೇಕಿತ್ತು. ಬಾಗಿಲು, ಚಿಲಕ, ಆ ಎರಡು ಕೋಣೆ. ಅಪ್ಪ ಉತ್ತರ ಕೊಡುವ ಬದಲು ಅಷ್ಟು ಜನರ ನಡುವೆ ಕಣ್ಣು ಮುಚ್ಚಿ ಗಟ್ಟಿಯಾಗಿ ಹೇಳಿದ: ‘ಸ್ವಾಮಿ, ಕಾಲು ನಡಗಾಕತ್ತಾವು. ನಡಗಲಿ. ಇವನ್ನ ತಗೊಂಡ ಬರತೀನಿ, ನೀ ಮುಂದ ನಡಿ.’ ಬಾಳೆಹಣ್ಣು ಮಾರುವವಳು ಬಾಯಿ ತೆರೆದು ನೋಡಿದಳು. ನನಗೆ ನಾಚಿಕೆಯಿಂದ ನೆಲ ಬಿರಿಯಬಾರದೇ ಎನಿಸಿತು. ಆದರೆ ಮೂರನೆಯ ಬಸ್ಸು ಬಂದಾಗ ಅಪ್ಪ ಎದ್ದ. ನಡುಗುವ ಕಾಲಲ್ಲೇ ಎದ್ದ. ನಡುಕ ನಿಂತ ಮೇಲೆ ಹೊರಡುವುದು ಎಂದುಕೊಂಡು ನಾವು ಒಂದು ವರ್ಷ ಕಾದಿದ್ದೆವು.

ನೀಲವ್ವನ ಮನೆಯಲ್ಲಿ ಮೀಟರಿನ ಹಲಗೆ ಜೇಡರ ಬಲೆಯಲ್ಲಿ ಮುಚ್ಚಿಹೋಗಿತ್ತು. ವೈರನ್ನು ಇಲಿ ಕಡಿದಿದ್ದವು. ಅಪ್ಪ ಮೇನ್ ಸ್ವಿಚ್ ಇಳಿಸಿ, ಕಿತ್ತಿಟ್ಟಿದ್ದ ಫ್ಯೂಸು ಹಾಕಿ, ನನ್ನನ್ನು ಸ್ವಿಚ್ಚಿನ ಪಕ್ಕ ನಿಲ್ಲಿಸಿ ಒಳಗೆ ಹೋದ. ಹಾಳಾದ ವೈರನ್ನೆಲ್ಲ ಬದಲಿಸಿ ಸ್ಟೂಲಿನ ಮೇಲೆ ಹತ್ತಿ ಬಲ್ಬಿನ ಹೋಲ್ಡರಿಗೆ ಜೋಡಿಸಬೇಕಾದಾಗ ಅವನ ಕೈ ನಿಂತುಹೋಯಿತು. ಬಾಗಿಲಿನಿಂದ ನನಗೆ ಅವನ ಬೆನ್ನು ಕಾಣುತ್ತಿತ್ತು.

‘ಕರುಣಾ, ಬಂದ್ ಐತೇನು?’

ನಾನು ಸ್ವಿಚ್ ನೋಡಿದೆ. ಕಣ್ಣು ತಿಕ್ಕಿಕೊಂಡು ಮತ್ತೆ ನೋಡಿದೆ. ನೂರು ಎಣಿಸಲು ಹೊತ್ತಿರಲಿಲ್ಲ. ‘ಸ್ವಾಮಿ’ ಎಂದು ಒಳಗೇ ಅಂದುಕೊಂಡು, ‘ಬಂದ್ ಐತಪಾ’ ಎಂದೆ.

ಅವನು ಇಳಿದು ಬಂದು ನೋಡುತ್ತಾನೆ ಎಂದುಕೊಂಡಿದ್ದೆ. ಬಾಗಿಲ ಚಿಲಕವನ್ನು ಎರಡು ಸಲ ಮುಟ್ಟುವವನು ಅಪ್ಪ. ಅವನು ಇಳಿಯಲಿಲ್ಲ. ಒಂದು ಉಸಿರು ಬಿಟ್ಟು ಬರಿಗೈಯಲ್ಲಿ ವೈರು ಹಿಡಿದ.

ಬಲ್ಬು ಹತ್ತಿದಾಗ ನೀಲವ್ವ ಅದರತ್ತ ನೋಡಲೇ ಇಲ್ಲ. ಒಲೆಯ ಮುಂದೆ ಹೋಗಿ ಕೂತು ಸೆರಗು ಬಾಯಿಗೆ ಒತ್ತಿಕೊಂಡಳು. ಆಮೇಲೆ ಚಹಾ ಮಾಡಿದಳು, ಚುರಮರಿಗೆ ಒಗ್ಗರಣೆ ಹಾಕಿ ತಂದಿಟ್ಟಳು. ಅಪ್ಪ ಅವಳಿಗೆ ಅವತ್ತಿನ ಮಾತನ್ನು ಹೇಳಿದ, ತಾನೇ ಏರೆಂದದ್ದನ್ನು. ಅವಳು ತಟ್ಟೆಯಲ್ಲಿ ಕೈಯಾಡಿಸುತ್ತ ಕೂತಳು.

‘ನೀವು ಅನ್ನದಿದ್ರೂ ಏರತಿದ್ದರು’ ಎಂದಳು ಕೊನೆಗೆ. ‘ಹಸದಾಗ ಅವರು ಯಾರ ಮಾತೂ ಕೇಳತಿದ್ದಿಲ್ಲ. ತಿನ್ರಿ ಅಣ್ಣಾರ, ಮೆತ್ತಗಾಗ್ತಾವು.’

ಅಪ್ಪ ಕಂಬ ಮತ್ತೆ ಏರಲಿಲ್ಲ. ಕಚೇರಿಯಲ್ಲಿ ದೂರು ಬರೆದುಕೊಳ್ಳುವ ಕೆಲಸಕ್ಕೆ ಹಾಕಿಸಿಕೊಂಡ. ನಮ್ಮ ಮನೆಗೆ ಬೆಳಕು ಬರಲು ಇನ್ನೂ ಒಂದು ತಿಂಗಳು ಹಿಡಿಯಿತು. ಕೆಲವು ಬೆಳಿಗ್ಗೆ ಅಂಜಿಕೆ ಮೊದಲಿನಷ್ಟೇ ಬಲವಾಗಿ ಬರುತ್ತಿತ್ತು, ಅವನು ಹಿತ್ತಲಿಗೆ ಹೋಗಿ ವಾಂತಿ ಮಾಡಿಕೊಂಡು, ಬಾಯಿ ಮುಕ್ಕಳಿಸಿ, ಸೈಕಲ್ ಹತ್ತುತ್ತಿದ್ದ. ದೇವರನ್ನು ನಂಬಿದರೆ ಚಿಂತೆಯೇ ಬರುವುದಿಲ್ಲ ಎಂದು ಯಾರಾದರೂ ನನ್ನೆದುರು ಹೇಳಿದರೆ ನಾನು ವಾದಿಸುವುದಿಲ್ಲ, ಆದರೆ ನಮ್ಮ ಮನೆಯಲ್ಲಿ ಹಾಗೆ ಆಗಲಿಲ್ಲ. ಚಿಂತೆ ಬಂತು. ಅದರ ಮಾತು ಕೇಳುವುದನ್ನು ನಾವು ಬಿಟ್ಟೆವು, ಅದಕ್ಕಿಂತ ದೊಡ್ಡವನೊಬ್ಬ ಮನೆಯಲ್ಲಿದ್ದಾನೆ ಎಂದು ನಂಬಿ. ಇಂದಿಗೂ ಮಗಳ ಫೋನು ಎರಡು ಸಲ ರಿಂಗಾಗಿ ನಿಂತರೆ ನನ್ನ ಹೊಟ್ಟೆ ತೊಳಸುತ್ತದೆ. ಕೂತು, ಬಾಯಿಬಿಟ್ಟು ಹೇಳಿ, ಎದ್ದು ಒಲೆ ಹಚ್ಚುತ್ತೇನೆ.

ಮುಂದಿನ ವರ್ಷ ಅವ್ವ ಇನ್ನೊಂದು ಅರ್ಜಿ ತಂದಳು. ಅಪ್ಪನೇ ಅದನ್ನು ತುಂಬಿದ. ಪರೀಕ್ಷೆ ಬರೆದೆ, ಪಾಸಾದೆ. ರಾಣೇಬೆನ್ನೂರಿಗೆ ಬಿಡಲು ಅಪ್ಪನೇ ಬಂದ, ಟ್ರಂಕು ಹೊತ್ತು. ಹಾಸ್ಟೆಲಿನ ಒಳಗೆ ಗಂಡಸರಿಗೆ ಪ್ರವೇಶವಿರಲಿಲ್ಲ. ಮಲಗುವ ಕೋಣೆ ಹೇಗಿದೆ ಎಂದು ನೋಡಲು ಅವನಿಗೆ ಆಗಲಿಲ್ಲ, ಕೇಳಲೂ ಇಲ್ಲ. ಗೇಟಿನ ಬಳಿ ಬೇವಿನ ಮರದಡಿ ನಿಂತು ನನ್ನ ನೆತ್ತಿಯ ಮೇಲೆ ಕೈಯಿಟ್ಟ.

‘ಸ್ವಾಮಿ, ಇಕಿ ನಿನ್ನಾಕಿ. ನಾ ಊರಿಗೆ ಹೋಗತೀನಿ.’

ಅಷ್ಟೇ ಪ್ರಾರ್ಥನೆ. ಆಮೆನ್ ನಾನು ಹೇಳಿದೆ. ಅಪ್ಪ ರಸ್ತೆ ದಾಟಿದ, ಬಸ್‌ಸ್ಟ್ಯಾಂಡಿನ ಕಡೆ ನಡೆದ. ಅವನು ತಿರುಗಿ ನೋಡಿದರೆ ಓಡಿಹೋಗಿ ಕಾಲು ಹಿಡಿದುಕೊಳ್ಳಬೇಕೆಂದು ನಾನು ಸಿದ್ಧವಾಗಿ ನಿಂತಿದ್ದೆ. ಅವನ ಹೆಗಲು ನಡುಗುತ್ತಿದ್ದದ್ದು ಅಷ್ಟು ದೂರದಿಂದಲೂ ಕಂಡಿತು. ತಿರುಗಲಿಲ್ಲ. ನಾನು ಸ್ವಲ್ಪ ಹೊತ್ತು ಅತ್ತು, ಟ್ರಂಕಿನ ಒಂದು ಹಿಡಿ ಹಿಡಿದು, ಎಳೆಯುತ್ತ ಒಳಗೆ ಹೋದೆ.